ಬಾಣಲೆ ಇಳಿಸುವ ಹೊತ್ತು

ಮಾರ್ಚ್ ೪

ಪ್ರೀತಿಯ ಸಣ್ಣಿ,

ಎಣ್ಣೆಯ ಪೆಟ್ಟಿಗೆಯನ್ನು ಲಾರಿಯವನ ಕೈಗೆ ಕೊಟ್ಟಿದ್ದೇನೆ. ಬಾಟಲಿಗಳನ್ನು ಅಡ್ಡ ಮಲಗಿಸಬೇಡಪ್ಪಾ ಅಂದರೆ, "ನಾನೇ ಮೂರು ದಿನದಿಂದ ಮಲಗಿಲ್ಲ ಅಕ್ಕಾ, ನಿಮ್ಮೆಣ್ಣೆ ಹೇಗೆ ಮಲಗುತ್ತೆ" ಅಂದ. ಮುಚ್ಚಳ ಸೋರಿದ್ದರೆ ಅವನನ್ನೇ ಕೇಳು, ನನ್ನನ್ನಲ್ಲ.

ಈ ವರ್ಷ ಮುಳ್ಳುಕಾಯಿ ಚೆನ್ನಾಗಿ ಬಿಟ್ಟಿದೆ. ಗುಡ್ಡದ ಹಿಂಬದಿಯ ಇಳಿಜಾರಿನಲ್ಲಂತೂ ಗಿಡಗಳ ಕೆಳಗೆ ಕಾಲಿಡಲು ಜಾಗವಿಲ್ಲ. ಎಂದಿನಂತೆ ಗಿಡದ ಮೇಲಿರುವುದನ್ನು ಯಾರೂ ಮುಟ್ಟುವುದಿಲ್ಲ. ತಾನಾಗಿ ಒಡೆದು ಬಿದ್ದ ಬೀಜವನ್ನಷ್ಟೇ ಆರಿಸುವುದು. ಬೆಳಿಗ್ಗೆ ಹೆಂಗಸರೆಲ್ಲ ಗುಡ್ಡಕ್ಕೆ, ಮಧ್ಯಾಹ್ನ ಶೆಡ್ಡಿಗೆ. ಸಿಪ್ಪೆ ಒಡೆಯುವವರು ಬಾಗಿಲ ಬಳಿ, ನಾನು ಬೀಜ ಹುರಿಯುತ್ತಾ ಒಲೆಯ ಮುಂದೆ, ಗಾಣ ಆ ತುದಿಯಲ್ಲಿ. ಗಾಣ ತಿರುಗಿಸಲು ಈಗ ಏಣಿ ಇದ್ದಾಳೆ. ನೀನು ಅವಳನ್ನು ನೋಡಿಲ್ಲ. ಎರಡು ವರ್ಷದ ಹಿಂದೆ ಸಿಪ್ಪೆ ಒಡೆಯುವ ಕೂಲಿಗೆಂದು ಬಂದವಳು. ತಲೆ ಬಗ್ಗಿಸದೆ ನಮ್ಮ ಬಾಗಿಲಲ್ಲಿ ಒಳಗೆ ಬರಲಾರಳು, ಅದಕ್ಕೇ ಆ ಹೆಸರು. ಕೆಲಸದಲ್ಲಿ ಎತ್ತಿದ ಕೈ, ಬಾಯಿ ಮಾತ್ರ ಬಿಡುವುದಿಲ್ಲ. ಪಾಪ, ಕೆಮ್ಮು ಒಂದಿದೆ ಅವಳಿಗೆ. ಒಲೆಯ ಹೊಗೆ ಆಗಿಬರುವುದಿಲ್ಲವೆಂದು ಕಾಣುತ್ತದೆ.

ನಿಮ್ಮಣ್ಣ ಚೆನ್ನಾಗಿದ್ದಾರೆ. ಬೀಜದ ಮೂಟೆ ಗಾಡಿಯಲ್ಲಿ ತರುತ್ತಾರೆ, ಇಳಿಸುತ್ತಾರೆ, ಮೂಟೆಗೆ ಒರಗಿ ಗೊರಕೆ ಹೊಡೆಯುತ್ತಾರೆ. ಈ ಸಲವೂ ಹುರಿಯುವ ಕಾಲಕ್ಕೆ ಬರುವುದಿಲ್ಲವೆಂದು ಬರೆದಿದ್ದೀಯ. ಇರಲಿ. ಅಂಗಡಿ ಬಿಟ್ಟು ಬರುವುದು ಕಷ್ಟ ಅಂತ ನನಗೂ ಗೊತ್ತು.

ನಿನ್ನ ಅತ್ತಿಗೆ


ಮಾರ್ಚ್ ೧೯

ಅತ್ತಿಗೆಗೆ ನಮಸ್ಕಾರ.

ಪೆಟ್ಟಿಗೆ ತಲುಪಿತು. ಒಂದು ಬಾಟಲಿಯೂ ಸೋರಿಲ್ಲ, ಲಾರಿಯವನಿಗೆ ನಿಮ್ಮ ಬಾಯಿಯ ಭಯ ಚೆನ್ನಾಗಿಯೇ ಇದೆ. ಎಣ್ಣೆ ಬಹಳ ಚೆನ್ನಾಗಿದೆ. ಇಲ್ಲಿಯ ಉಪ್ಪುಗಾಳಿಗೆ ಬಂದರಿನ ಹೆಂಗಸರ ತಲೆಯೆಲ್ಲ ಪೊರಕೆ. ಕೂದಲು ಕತ್ತರಿಸಿಕೊಳ್ಳಲು ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಬಾಟಲಿಯ ಕಡೆ ಕೈ ಚಾಚುತ್ತಾರೆ. ನಿಮ್ಮ ಎಣ್ಣೆ ಇಲ್ಲದಿದ್ದರೆ ನನ್ನ ಅಂಗಡಿಗೆ ಇಷ್ಟು ಜನ ಬರುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಇದನ್ನು ಓದಿ ತಲೆ ತಿರುಗುವುದು ಬೇಡ.

ಅಂಗಡಿ ಬಿಟ್ಟು ಬರುವುದು ಕಷ್ಟ ಅಂತ ನನ್ನ ಪರವಾಗಿ ನೀವೇ ಬರೆದುಬಿಟ್ಟಿದ್ದೀರಿ. ಕಷ್ಟವೇನಿಲ್ಲ. ಬೀಗ ಹಾಕಿದರಾಯಿತು. ಆದರೆ ಬಂದು ಏನು ಮಾಡಲಿ ಹೇಳಿ? ಬಾಣಲೆಯ ಹತ್ತಿರ ಹೋದರೆ "ಆ ಕಡೆ ಹೋಗಮ್ಮ" ಅನ್ನಿಸಿಕೊಳ್ಳಲೇ? ಚಿಕ್ಕಂದಿನಲ್ಲಿ ಆ ವಾಸನೆ ಹಿಡಿಯಬೇಕೆಂದು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದವಳು ನಾನು. ಅಮ್ಮ ಕಲಿಸಿದ್ದು ಸೊಸೆಗೆ. "ಮಗಳು ಇನ್ನೊಬ್ಬರ ಮನೆಗೆ ಹೋಗೋಳು, ಬಾಣಲೆ ಮನೇಲೇ ಇರ್ಬೇಕು" ಅಂದಳು. ನಾನು ಇನ್ನೊಬ್ಬರ ಮನೆಗೆ ಹೋಗಲೇ ಇಲ್ಲವಲ್ಲ ಅತ್ತಿಗೆ. ಕತ್ತರಿ ಹಿಡಿದು ಇಲ್ಲಿಗೆ ಬಂದೆ. ಅಷ್ಟರಲ್ಲಿ ಬಾಣಲೆ ನಿಮ್ಮದಾಗಿತ್ತು.

ಜಗಳಕ್ಕೆ ಬರೆದದ್ದಲ್ಲ. ಅಣ್ಣನಿಗೆ ಮೂಟೆಯ ಬದಲು ದಿಂಬು ಕೊಡಿ.

ಸಣ್ಣಿ


ಏಪ್ರಿಲ್ ೮

ಪ್ರೀತಿಯ ಸಣ್ಣಿ,

ಜಗಳಕ್ಕೆ ಬರೆದದ್ದಲ್ಲ ಅಂತ ಬರೆದೇ ನೀನು ಜಗಳ ಮಾಡುವುದು, ನನಗೆ ಹೊಸದಲ್ಲ. ನೀನು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದದ್ದು ನನಗೆ ಗೊತ್ತಿತ್ತು. ಒಳಗೆ ಕರೆಯಬಹುದಿತ್ತಲ್ಲ ಅನ್ನುತ್ತೀಯ. ಅತ್ತೆಯ ಮುಂದೆ ನನ್ನ ಮಾತು ಎಷ್ಟು ನಡೆಯುತ್ತಿತ್ತು ಅಂತ ನಿನಗೂ ಗೊತ್ತು. ಈ ಮನೆಗೆ ಬಂದ ಹೊಸತರಲ್ಲಿ ನನಗೆ ಮಾತಾಡಲು ಸಿಗುತ್ತಿದ್ದವಳು ನೀನೊಬ್ಬಳೇ, ಅದೂ ತಲೆ ಬಾಚುವಾಗ ಸಿಕ್ಕು ಎಳೆದರೆ ಕಿರುಚಲು.

ಆ ಬಾಣಲೆ ನಾನು ಬೇಡಿ ಪಡೆದದ್ದಲ್ಲ. ಪಡೆದ ಮೇಲೆ ಅದರಿಂದ ಸುಖವೂ ಇಲ್ಲ. ಹುರಿಯುವ ದಿನ ಈರುಳ್ಳಿ ಇಲ್ಲ, ಸೋಪಿಲ್ಲ, ತಲೆಗೆ ಒಂದು ತೊಟ್ಟು ಎಣ್ಣೆ ಇಲ್ಲ. ಮೂಗು ಖಾಲಿ ಇರಬೇಕು. ಬೀಜ ಹಸಿಯಾಗಿ ಇಳಿದರೆ ಎಣ್ಣೆ ತಿಂಗಳಿಗೆ ಕೆಡುತ್ತದೆ, ಒಂದು ಚೂರು ಹೆಚ್ಚಾದರೆ ಸುಟ್ಟ ನಾತ. ಎರಡರ ನಡುವೆ ಒಂದು ವಾಸನೆ ಬರುತ್ತದೆ. ಬಂದ ಕ್ಷಣ "ಇಳಿಸಿ" ಅನ್ನಬೇಕು, ಇಬ್ಬರು ಬಂದು ಎತ್ತಬೇಕು. ಬಾಯಿ ತೆರೆದು ಒಂದು ಮಾತು ಹೇಳುವ ಕೆಲಸ, ಅದಕ್ಕೆ ಇಷ್ಟು ವರ್ಷದ ಮುನಿಸೇ ನಿನಗೆ?

ಮುಂದಿನ ಪೆಟ್ಟಿಗೆ ಈ ತಿಂಗಳ ಕೊನೆಗೆ ಹೊರಡುತ್ತದೆ.

ನಿನ್ನ ಅತ್ತಿಗೆ


ಮೇ ೧೧

ಅತ್ತಿಗೆ,

ಈ ಸಲದ ಎಣ್ಣೆಗೆ ಏನಾಗಿದೆ? ಪೆಟ್ಟಿಗೆ ತೆರೆದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಬೆಳಕಿಗೆ ಹಿಡಿದರೆ ಬಾಟಲಿಯಲ್ಲಿ ಮಸುಕು. ಮೂಸಿದರೆ ಹಸಿ ಕಾಳು ಜಗಿದ ಹಾಗೆ. ಹೊಸ ಎಣ್ಣೆ, ಇಟ್ಟರೆ ಸರಿಹೋದೀತು ಅಂದುಕೊಂಡು ಮಾರಿಬಿಟ್ಟೆ, ನನ್ನದೂ ತಪ್ಪು. ವಾರದೊಳಗೆ ಒಬ್ಬೊಬ್ಬರೇ ವಾಪಸು ಬಂದರು. ಸುಂಕದ ಕಚೇರಿಯ ಮೇಡಂ ತಲೆ ತೋರಿಸಿ, "ಇದು ಕೂದಲಾ, ಗೋಂದು ಹಚ್ಚಿದ ಬ್ರಷ್ಷಾ ನೀನೇ ಹೇಳು" ಅಂದರು. ಅವರ ತಲೆ ತೊಳೆಯಲು ನನಗೆ ಅರ್ಧ ದಿನ ಹಿಡಿಯಿತು.

ಎಲ್ಲ ಬಾಟಲಿಗಳನ್ನೂ ಹಿಂದಕ್ಕೆ ತೆಗೆದುಕೊಂಡೆ. ಪಕ್ಕದ ಬೀದಿಯ ಇಬ್ಬರು ಅಂಗಡಿಯವರೂ ನಿಮ್ಮ ಎಣ್ಣೆ ಇಟ್ಟಿದ್ದರಲ್ಲ, ಅವರು ಶೆಲ್ಫಿನಿಂದ ಕೆಳಗಿಳಿಸಿದ್ದಾರೆ. ಇಂಥದ್ದು ಇನ್ನೊಂದು ಪೆಟ್ಟಿಗೆ ಬಂದರೆ ಈ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ಆಮೇಲೆ ಶೆಡ್ಡಿನ ಅಷ್ಟೂ ಹೆಂಗಸರು ಏನು ಮಾಡುತ್ತಾರೆ? ಬೀಜ ಸರಿಯಾಗಿ ಹುರಿದಿಲ್ಲ ಅಂತ ಅಂಗಡಿಯಲ್ಲಿ ಕೂತ ನನಗೇ ಗೊತ್ತಾಗುತ್ತದೆ. ಒಲೆಯ ಮುಂದೆ ನಿಂತ ನಿಮಗೆ ಹೇಗೆ ಗೊತ್ತಾಗಲಿಲ್ಲ?

ಸಣ್ಣಿ


ಮೇ ೨೨

ಸಣ್ಣಿ,

ನೀನು ಬರೆದದ್ದು ಓದಿ ಎರಡು ದಿನ ಊಟ ಸೇರಲಿಲ್ಲ. ಬೀಜ ಒಣಹಾಕಿದಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹನಿಯಿತು. ಮೂಟೆಯೊಳಗೆ ತೇವ ಇದ್ದಿರಬೇಕು. ಸೌದೆಯೂ ಹಸಿ. ಸಾಲದ್ದಕ್ಕೆ ಏಣಿಗೆ ನೆಗಡಿ ಹತ್ತಿ ಆ ವಾರವೆಲ್ಲ ಕೆಮ್ಮೋ ಕೆಮ್ಮು, ಗಾಣವೂ ನೆಟ್ಟಗೆ ತಿರುಗಲಿಲ್ಲ. ಒಂದಕ್ಕೊಂದು ಸೇರಿ ಹೀಗಾಯಿತು. ಅಂಗಡಿಯವರಿಗೆ ನನ್ನ ಹೆಸರಿನಲ್ಲಿ ಕ್ಷಮೆ ಕೇಳು. ಇನ್ನು ಮೇಲೆ ಹಾಗಾಗುವುದಿಲ್ಲ.

ಅತ್ತಿಗೆ


ಜೂನ್ ೩

ಅತ್ತಿಗೆಗೆ ನಮಸ್ಕಾರ.

ಮಳೆ, ಮೂಟೆ, ಸೌದೆ, ಕೆಮ್ಮು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇರಲಿ, ಆದದ್ದು ಆಯಿತು.

ಈ ಪತ್ರದ ಜೊತೆ ಎರಡು ಪುಟ್ಟ ಶೀಷೆ ಕಳಿಸಿದ್ದೇನೆ. ಅಂಗಡಿಯಲ್ಲಿ ಕೂದಲು ತೊಳೆದ ಮೇಲೆ ಚಿಮುಕಿಸಲು ಹೊಸ ಸುಗಂಧದ ನೀರು ಕೊಳ್ಳಬೇಕು ಅಂತಿದ್ದೇನೆ. ನನಗೆ ಎರಡೂ ಒಂದೇ ಅನ್ನಿಸುತ್ತದೆ. ನಿಮ್ಮ ಮೂಗಿನ ಮುಂದೆ ನಮ್ಮದೆಲ್ಲ ಯಾವ ಲೆಕ್ಕ? ಯಾವುದು ಒಳ್ಳೆಯದು ಅಂತ ನೀವೇ ಹೇಳಿ.

ಸಣ್ಣಿ


ಜೂನ್ ೧೨

ಪ್ರೀತಿಯ ಸಣ್ಣಿ,

ನನ್ನನ್ನು ಕೇಳಿದೆಯಲ್ಲ, ಖುಷಿಯಾಯಿತು. ಎರಡನ್ನೂ ನೋಡಿದೆ. ಕೆಂಪು ಮುಚ್ಚಳದ್ದು ಸ್ವಲ್ಪ ಜಾಸ್ತಿಯೇ ಘಾಟು, ಬಂದವರಿಗೆ ತಲೆನೋವು ಬಂದೀತು. ನೀಲಿ ಮುಚ್ಚಳದ್ದು ಹಿತವಾಗಿದೆ, ಹೂವಿನ ಹಾಗೆ. ಅದನ್ನೇ ಕೊಂಡುಕೋ.

ನಿನ್ನ ಅತ್ತಿಗೆ


ಜೂನ್ ೨೧

ಅತ್ತಿಗೆ,

ಎರಡರಲ್ಲೂ ಇದ್ದದ್ದು ನನ್ನ ಅಂಗಡಿಯ ನಲ್ಲಿ ನೀರು.

ಹೀಗೆ ಮಾಡಬಾರದಿತ್ತು. ಕಳಿಸಿದ ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ. "ಇದೇನೇ, ಬರೀ ನೀರು ಕಳಿಸಿದ್ದೀಯ, ತಲೆ ಕೆಟ್ಟಿದೆಯಾ" ಅಂತ ನೀವು ಬೈದು ಬರೆಯಲಿ ಅಂತ ಕಾದಿದ್ದೆ. ಹೂವಿನ ಹಾಗೆ ಅಂತ ಬರೆದಿರಿ. ಆ ಸಾಲು ಓದಿ ಕತ್ತರಿ ಕೆಳಗಿಟ್ಟು ಕೂತುಬಿಟ್ಟೆ.

ಯಾವಾಗಿನಿಂದ ಅತ್ತಿಗೆ?

ಸಣ್ಣಿ


ಜುಲೈ ೨

ತಂಗಿಗೆ ಆಶೀರ್ವಾದ.

ನಿನ್ನ ಅತ್ತಿಗೆ ಪತ್ರ ಬರೆಯುವುದಿಲ್ಲ ಅನ್ನುತ್ತಿದ್ದಾಳೆ. ಎರಡೂ ಶೀಷೆ ಎಸೆದಳು. ಗುರಿ ನನ್ನ ಕಡೆಗಿತ್ತು, ಒಂದು ತಗುಲಿತು. ನೀನು ಏನು ಬರೆದೆ ಅಂತ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೈಯುವುದಿದ್ದರೆ ಇನ್ನೊಂದು ಸಲ ಬೈದು ಮುಗಿಸು, ಸುಮ್ಮನಿರಬೇಡ. ಅವಳು ದಿನಾ ಅಂಚೆಯವನ ದಾರಿ ನೋಡುತ್ತಾಳೆ.

ಅಣ್ಣ


ಜುಲೈ ೧೬

ಸಣ್ಣಿ,

ಕೋಪ ಇಳಿಯಲು ಇಷ್ಟು ದಿನ ಬೇಕಾಯಿತು. ಪೂರ್ತಿ ಇಳಿದಿದೆ ಅಂತ ತಿಳಿಯಬೇಡ. ಆದರೆ ನೀನು ಕೇಳಿದ್ದಕ್ಕೆ ಸುಳ್ಳು ಹೇಳಿ ಸಾಕಾಗಿದೆ.

ಹೋದ ವರ್ಷ ಜನವರಿಯ ಚಳಿಯಲ್ಲಿ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಮೊದಲು ಮೂಗು ಕಟ್ಟಿದೆ ಅಂದುಕೊಂಡೆ. ಒಂದು ದಿನ ಹಾಲು ಒಡೆದದ್ದು ತಿಳಿಯದೆ ನಿಮ್ಮಣ್ಣನಿಗೆ ಕೊಟ್ಟೆ, ಅವರು ಕುಡಿದು ಸುಮ್ಮನೆ ಲೋಟ ತೊಳೆದಿಟ್ಟರು. ಡಾಕ್ಟರ ಹತ್ತಿರ ಹೋದೆ. ಬಂದರೆ ಬಂದೀತು, ಬಾರದಿದ್ದರೆ ಇಲ್ಲ ಅಂದರು.

ಯಾರಿಗೂ ಹೇಳಲಿಲ್ಲ. ಬಣ್ಣ ನೋಡಿ, ಬೀಜ ಚಟಪಟ ಅನ್ನುವುದು ಕೇಳಿ ಅಂದಾಜಿನ ಮೇಲೆ ಹುರಿದೆ. ಒಂದು ಬಾಣಲೆ ಸೀದುಹೋಯಿತು. ಸೌದೆಯನ್ನು ಬೈದೆ. ಮಾರನೆಯ ದಿನ ಹುರಿಯುತ್ತಿರುವಾಗ ಗಾಣದ ಕಡೆಯಿಂದ ಏಣಿ ಕೆಮ್ಮಿದಳು, ಒಂದೇ ಸಲ. ಯಾಕೋ "ಇಳಿಸಿ" ಅಂದೆ. ಎಣ್ಣೆ ಸರಿಯಾಗಿ ಬಂತು. ಮುಂದಿನ ಬಾಣಲೆಗೂ ಕೆಮ್ಮಿದಳು, ಒಂದೇ ಸಲ. ಆಮೇಲೆ ನಾನು ಬಣ್ಣ ನೋಡುವುದೂ ಬಿಟ್ಟೆ. ಕೆಮ್ಮಿದ ತಕ್ಷಣ ಹೇಳಿದರೆ ಉಳಿದವರಿಗೆ ತಿಳಿದೀತು ಅಂತ ಒಂದು ಉಸಿರು ಬಿಟ್ಟು ಹೇಳುತ್ತಿದ್ದೆ. ನನಗೂ ಗೊತ್ತು, ಅವಳಿಗೂ ಗೊತ್ತು. ಒಂದು ದಿನವೂ ಆ ಮಾತು ಎತ್ತಲಿಲ್ಲ. "ಕೆಮ್ಮಿಗೆ ಕಷಾಯ ಕುಡಿ" ಅಂತ ಎಲ್ಲರೆದುರು ನಾನೇ ಅವಳಿಗೆ ಬುದ್ಧಿ ಹೇಳಿದ್ದೇನೆ, ನೋಡು ನನ್ನ ಧೈರ್ಯ.

ಏಪ್ರಿಲ್‌ನಲ್ಲಿ ಅವಳಿಗೆ ನಿಜವಾದ ನೆಗಡಿ ಬಂತು. ಬೆಳಗಿನಿಂದ ಸಂಜೆಯವರೆಗೆ ಕೆಮ್ಮು. ಯಾವುದು ನೆಗಡಿಯದು, ಯಾವುದು ಬಾಣಲೆಯದು ಅಂತ ನನಗೆ ಹೇಗೆ ತಿಳಿಯಬೇಕು? ಮೊದಲ ಕೆಮ್ಮಿಗೇ ಇಳಿಸಿದೆ. ಅವಳು ಗಾಣ ನಿಲ್ಲಿಸಿ ಕಣ್ಣು ಬಾಯಿ ಬಿಟ್ಟು ನೋಡಿದಳು. ಇಳಿಸಬೇಡಿ ಅಂದರೆ ಇಷ್ಟು ದಿನದ ಗುಟ್ಟೆಲ್ಲ ಬಯಲಾದ ಹಾಗೆ. ಬಾಯಿ ಮುಚ್ಚಿಕೊಂಡು ತಡೆಯಲು ನೋಡಿದಳು, ಕಣ್ಣಲ್ಲಿ ನೀರು ಬಂತು, ಮತ್ತೆ ಕೆಮ್ಮಿದಳು. ನಾನು ಮತ್ತೆ ಇಳಿಸಿದೆ. ವಾರವೆಲ್ಲ ಹಸಿ ಬೀಜ ಗಾಣಕ್ಕೆ ಹೋಯಿತು. ಅದನ್ನು ನೀನು ಸುಂಕದ ಮೇಡಮ್ಮಿನ ತಲೆಗೆ ಹಚ್ಚಿದೆ.

ಈಗ ನಗುತ್ತಿದ್ದೀಯ ಅಂತ ಗೊತ್ತು. ನಗು. ಬರೆಯುವಾಗ ನನಗೂ ನಗು ಬಂತು, ಆಮೇಲೆ ಅಳು ಬಂತು.

ಇನ್ನು ಆ ಒಲೆಯ ಮುಂದೆ ನಿಲ್ಲಲು ನನಗೆ ಹಕ್ಕಿಲ್ಲ. ನನಗೆ ಸೊಸೆ ಇಲ್ಲ, ತರಲು ಮಗನೂ ಇಲ್ಲ. ಅತ್ತೆಯ ಮಗಳು ನೀನು. ಅಂದು ನಿನಗೆ ಕೊಡಬೇಕಾದದ್ದನ್ನು ನನಗೆ ಕೊಟ್ಟರು. ಬಾ ಸಣ್ಣಿ. ಬಾಣಲೆ ನೀನು ಹಿಡಿ. ನಾನು ಕೇಳುತ್ತಿದ್ದೇನೆ.

ಅತ್ತಿಗೆ


ಆಗಸ್ಟ್ ೯

ಅತ್ತಿಗೆ,

ಉತ್ತರ ಬರೆಯಲು ತಡವಾಯಿತು. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪತ್ರ ಬಂದ ದಿನವೇ ಅಂಗಡಿಯ ಬಾಗಿಲಿಗೆ "ಒಡತಿ ಊರಿಗೆ ಹೋಗಿದ್ದಾಳೆ" ಅಂತ ಚೀಟಿ ಅಂಟಿಸಿದೆ. ನಾನಿನ್ನೂ ಒಳಗೇ ಇದ್ದೆ. ಬಂದವರೆಲ್ಲ ಚೀಟಿ ಓದಿ, ಒಳಗೆ ಇಣುಕಿ, ನನ್ನನ್ನು ನೋಡಿ, "ಯಾವಾಗ ಬರ್ತೀರಿ" ಅಂತ ನನ್ನನ್ನೇ ಕೇಳಿದರು. ಅಷ್ಟು ಖುಷಿಯಾಗಿದ್ದೆ. ಇಷ್ಟು ವರ್ಷದಲ್ಲಿ ನನ್ನನ್ನು ಬಾಣಲೆಯ ಹತ್ತಿರ ಕರೆದದ್ದು ಅದೇ ಮೊದಲು.

ಲಾರಿಯವನಿಗೆ ಹೇಳಿ ಒಂದು ಸಣ್ಣ ಚೀಲ ಬೀಜ ತರಿಸಿದೆ. ಹಿಂದಿನ ಕೋಣೆಯ ಸ್ಟವ್ ಮೇಲೆ ಹುರಿದೆ. ಬರುವ ಮುಂಚೆ ಕೈ ಪಳಗಲಿ ಅಂತ. ಮೊದಲನೆಯದು ಹಸಿ. ಎರಡನೆಯದು ಸೀದಿತು. ಮೂರನೆಯದಕ್ಕೆ ಈಗ ಬಂತು, ಇದೇ ಆ ವಾಸನೆ ಅಂತ ಇಳಿಸಿದೆ. ಒಡೆದು ನೋಡಿದರೆ ಮತ್ತೆ ಹಸಿ. ಚೀಲ ಖಾಲಿಯಾಗುವವರೆಗೆ ಮಾಡಿದೆ. ಬಾಟಲಿಯಲ್ಲಿರುವ ಎಣ್ಣೆ ಕೆಟ್ಟಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತದೆ, ಬಾಣಲೆಯಲ್ಲಿರುವ ಬೀಜ ಏನು ಹೇಳುತ್ತದೋ ಗೊತ್ತಾಗುವುದಿಲ್ಲ. ಕಲಿಯಬಹುದು, ನಿಜ. ಆದರೆ ಕಲಿಸುವವರಿಗೆ ವಾಸನೆ ಬರುವುದಿಲ್ಲ, ಕಲಿಯುವವಳಿಗೆ ಬೀಜ ತಿಳಿಯದು. ನಾವಿಬ್ಬರೂ ಸೇರಿ ಎಷ್ಟು ಮೂಟೆ ಸುಡೋಣ?

ಆಗ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ಏಣಿ ಗಾಣದ ಹತ್ತಿರ ನಿಂತಿರುತ್ತಾಳೆ. ಸುತ್ತ ಹಿಂಡಿಯ ವಾಸನೆ, ಕೈಯೆಲ್ಲ ಎಣ್ಣೆ. ಅಷ್ಟು ದೂರದಿಂದ, ಅದರ ನಡುವೆ, ಪ್ರತಿ ಬಾಣಲೆಯ ಹೊತ್ತನ್ನು ಹಿಡಿದಿದ್ದಾಳೆ. ಒಂದು ವರ್ಷದ ಮೇಲಾಯಿತು. ಮಾರ್ಚ್‌ನಲ್ಲಿ ಎಣ್ಣೆ ಬಹಳ ಚೆನ್ನಾಗಿದೆ ಅಂತ ನಾನು ಬರೆದೆನಲ್ಲ, ಅದು ಯಾರು ಹುರಿದದ್ದು ಅತ್ತಿಗೆ?

ನೀವು ಕೊಡಬೇಕಾದದ್ದು ನನಗಲ್ಲ. ಇದನ್ನು ಬರೆಯಲು ನನಗೆ ಸಂತೋಷವೇನೂ ಇಲ್ಲ. ಹೊಟ್ಟೆ ಉರಿಯುತ್ತಿದೆ. ಚೀಟಿ ಕಿತ್ತು ಹಾಕಿದೆ.

ಸಣ್ಣಿ


ಆಗಸ್ಟ್ ೧೮

ಸಣ್ಣಿಗೆ,

ಕರೆದರೆ ಬರುವುದಿಲ್ಲ, ಕೂತಲ್ಲಿಂದ ಬುದ್ಧಿ ಹೇಳುತ್ತೀಯ. ಅವಳು ಯಾರು? ಸಿಪ್ಪೆ ಒಡೆಯಲು ಬಂದವಳು. ಅವಳ ಊರು ಕೇರಿ ನನಗೆ ಇವತ್ತಿಗೂ ಗೊತ್ತಿಲ್ಲ. ನಾಳೆ ಚೀಲ ಹೆಗಲಿಗೆ ಹಾಕಿ ಹೊರಟರೆ ಬಾಣಲೆಯ ವಿದ್ಯೆಯೂ ಅವಳ ಹಿಂದೆಯೇ ಹೋಯಿತು. ಅತ್ತೆ ಇದ್ದಿದ್ದರೆ ನಿನ್ನ ಪತ್ರವನ್ನು ಒಲೆಗೆ ಹಾಕುತ್ತಿದ್ದರು. ನನಗೂ ಹಾಕಬೇಕು ಅನ್ನಿಸಿತು.

ಏಣಿಯನ್ನು ಹೊರಗೆ ಮೂಟೆ ಕಟ್ಟಲು ಕಳಿಸಿದ್ದೇನೆ. ಯಾರ ಕೆಮ್ಮೂ ನನಗೆ ಬೇಡ. ಬಣ್ಣ ನೋಡಿ ಹುರಿಯುತ್ತೇನೆ.

ಅತ್ತಿಗೆ


ಅಕ್ಟೋಬರ್ ೧೧

ಪ್ರೀತಿಯ ಸಣ್ಣಿ,

ಇಷ್ಟು ದಿನ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಒಳ್ಳೆಯದೇ ಆಯಿತು. ಬರೆದಿದ್ದರೆ ಇನ್ನೂ ನಾಲ್ಕು ಕೆಟ್ಟ ಮಾತು ಬರುತ್ತಿದ್ದವು.

ಬಣ್ಣ ನೋಡಿ ಹುರಿದೆ. ಮೊದಲು ಎರಡು ಮೂರು ದಿನ ಹೇಗೋ ನಡೆಯಿತು. ಆಮೇಲೆ ಒಂದು ದಿನ ಮೋಡ ಕವಿದು ಶೆಡ್ಡಿನಲ್ಲಿ ಬೆಳಕೇ ಇಲ್ಲ. ಬೀಜ ಕಂದಿದೆಯೋ ಇಲ್ಲವೋ ಕಾಣಲಿಲ್ಲ. ಇನ್ನೂ ಆಗಬೇಕು ಅಂದುಕೊಂಡು ಸಟ್ಟುಗ ಆಡಿಸುತ್ತಿದ್ದೆ. ಕಣ್ಣು ಉರಿಯಿತು. ಒಲೆಯ ಹೊಗೆ ಅಂದುಕೊಂಡೆ. ತಿರುಗಿ ನೋಡಿದರೆ ಸಿಪ್ಪೆ ಒಡೆಯುವವರೆಲ್ಲ ಮೂಗು ಮುಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದಾರೆ. ಒಬ್ಬರೂ ಒಂದು ಮಾತು ಹೇಳಲಿಲ್ಲ. ಬಾಣಲೆಯ ಮುಂದಿರುವವಳಿಗೆ ಮಾತು ಹೇಳುವ ರೂಢಿ ನಮ್ಮಲ್ಲಿಲ್ಲವಲ್ಲ. ಸೀದ ಬೀಜದ ಮುಂದೆ ನಾನೊಬ್ಬಳೇ, ಏನೂ ಆಗಿಲ್ಲವೆಂಬಂತೆ ಸಟ್ಟುಗ ಆಡಿಸುತ್ತಾ.

ಏಣಿ ಹೊರಗಿನಿಂದ ಓಡಿ ಬಂದಳು. ಬಾಗಿಲಿಗೆ ತಲೆ ಹೊಡೆದುಕೊಂಡು ಬಂದಳು. ನನ್ನ ಕೈಯಿಂದ ಸಟ್ಟುಗ ಕಿತ್ತುಕೊಂಡು, "ಅಕ್ಕಾ, ಸೀದೋಗಿದೆ, ಬಿಡಿ" ಅಂದಳು. ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಬೈಗುಳ ಬಾಯಿಯವರೆಗೆ ಬಂತು. ಬೈಯಲಿಲ್ಲ. ಎಲ್ಲರನ್ನೂ ಒಳಗೆ ಕರೆದೆ. "ನಂಗೆ ವಾಸನೆ ಬರಲ್ಲ, ಒಂದು ವರ್ಷದ ಮೇಲಾಯ್ತು" ಅಂದೆ. ಸಿಪ್ಪೆಯವರಲ್ಲಿ ಹಿರಿಯವಳು, "ಗೊತ್ತಕ್ಕ" ಅಂದಳು. ಇನ್ನೊಬ್ಬಳು, "ನೀವು ಹುರಿಯೋ ದಿನ ಈರುಳ್ಳಿ ತಿಂದ್ ಬಂದಾಗ್ಲೇ ಗೊತ್ತಾಯ್ತು" ಅಂದಳು. ಎಲ್ಲರಿಗೂ ಗೊತ್ತಿತ್ತು ಸಣ್ಣಿ. ನಿಮ್ಮಣ್ಣನಿಗೆ ಹಾಲಿನ ದಿನವೇ ಗೊತ್ತಂತೆ. "ಮತ್ಯಾಕೆ ಹೇಳ್ಲಿಲ್ಲ" ಅಂದರೆ, "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಅಂದರು. ಒಡೆದ ಹಾಲನ್ನು ಅದೆಷ್ಟು ಸಲ ಕುಡಿದರೋ ಮಹಾರಾಯರು.

ಸಟ್ಟುಗ ಏಣಿಯ ಕೈಯಲ್ಲೇ ಇತ್ತು. ವಾಪಸು ಕೊಡಲು ಚಾಚಿದಳು. "ಇಟ್ಕೋ, ನಿಂದೇ" ಅಂದೆ. ಇಷ್ಟು ಹೇಳಲು ಎಷ್ಟು ಕಷ್ಟವಾಯಿತು ಅಂತ ನಿನ್ನನ್ನು ಬಿಟ್ಟು ಇನ್ಯಾರಿಗೂ ತಿಳಿಯುವುದಿಲ್ಲ. ನಿನಗೂ ಬೇಕಿತ್ತು, ಬಿಟ್ಟುಕೊಟ್ಟೆ. ಆ ಪತ್ರ ಬರೆಯುವಾಗ ನಿನಗೆ ಹೇಗಾಗಿತ್ತು ಅಂತ ನನಗೆ ಆಗ ಅರ್ಥವಾಯಿತು. ನಾನು ಕೆಟ್ಟದಾಗಿ ಉತ್ತರ ಬರೆದೆ.

ಮಾರನೆಯ ದಿನ ಅವಳ ಮೊದಲ ಬಾಣಲೆ. ನಾನು ಬಾಗಿಲ ಬಳಿ ಕೂತು ಸಿಪ್ಪೆ ಒಡೆದೆ. ಅಭ್ಯಾಸ ತಪ್ಪಿ ಎರಡು ಸಲ ಬೆರಳು ಜಜ್ಜಿಕೊಂಡೆ. ಸಟ್ಟುಗದ ಸದ್ದು ನಿಂತಿತು, ಅವಳು ನನ್ನ ಕಡೆ ನೋಡುತ್ತಿದ್ದಾಳೆ ಅಂತ ತಿಳಿಯಿತು. ನಾನು ತಲೆ ಎತ್ತಿದರೆ ಸಾಕು, ನನ್ನ ಮುಖ ನೋಡಿ ಅವಳು ಇನ್ನೂ ಒಂದು ವರ್ಷ ಹಾಗೇ ನಿಲ್ಲುತ್ತಾಳೆ ಅನ್ನಿಸಿತು. ನೆಲ ನೋಡುತ್ತಾ ಕಲ್ಲಿನಿಂದ ಕುಟ್ಟುತ್ತಲೇ ಇದ್ದೆ. ಆಗ "ಇಳಿಸಿ" ಅಂದಳು. ಎಷ್ಟು ಗಟ್ಟಿಯಾಗಿ ಅಂದರೆ ಹೊರಗೆ ಮಲಗಿದ್ದ ನಿಮ್ಮಣ್ಣ ಎದ್ದು ಕೂತರು.

ಬಿಸಿ ಬೀಜವನ್ನು ಅಂಗೈಯಲ್ಲಿ ಹಿಡಿದು ನನ್ನ ಹತ್ತಿರ ತಂದು, "ಸರಿಯಾಯ್ತಾ ಅಕ್ಕ?" ಅಂದಳು. "ನನ್ನ ಕೇಳ್ಬೇಡ, ನಿಂಗೆ ಗೊತ್ತು" ಅಂದೆ. ಎಲ್ಲರೂ ಎದ್ದು ಹೋದ ಮೇಲೆ ಒಂದು ಬೀಜ ಎತ್ತಿ ಮೂಸಿದೆ. ಏನೂ ಇಲ್ಲ. ಕಲ್ಲು ಮೂಸಿದ ಹಾಗೆ.

ಆ ಎಣ್ಣೆಯ ಪೆಟ್ಟಿಗೆ ನಿನಗೆ ಬರುತ್ತಿದೆ. ತೆರೆದು ಮೂಸಿ, ಹೇಗಿದೆ ಅಂತ ಬರೆ. ಚೆನ್ನಾಗಿದೆ ಅಂತ ಒಂದು ಮಾತು ಬರೆದು ಮುಗಿಸಬೇಡ. ಅದು ಅಂಗಡಿಯವರಿಗೆ ಸಾಕು, ನನಗೆ ಸಾಲದು. ಪೂರ್ತಿ ಬರೆ. ಆ ವಾಸನೆ ಹೇಗಿತ್ತು ಅನ್ನುವುದೇ ನನಗೆ ಮರೆತುಹೋಗುತ್ತಿದೆ ಸಣ್ಣಿ. ಬಾಣಲೆ ಹೋದದ್ದಕ್ಕಿಂತ ಅದೇ ನನಗೆ ಹೆಚ್ಚು ಭಯ.

ನಿನ್ನ ಅತ್ತಿಗೆ


ನವೆಂಬರ್ ೨

ಅತ್ತಿಗೆ,

ಪೆಟ್ಟಿಗೆ ನಿನ್ನೆ ಬಂತು. ಇವತ್ತು ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಬರೆಯಲು ಕೂತಿದ್ದೇನೆ. ಬೆಳಿಗ್ಗೆಯಿಂದ ಸೋಪು ಮುಟ್ಟಿಲ್ಲ, ಒಬ್ಬರ ತಲೆಯನ್ನೂ ತೊಳೆದಿಲ್ಲ. ಹೊರಗೆ ಮೂವರು ಕಾಯುತ್ತಿದ್ದಾರೆ, ಕಾಯಲಿ. ಕೂದಲು ಕತ್ತರಿಸುವುದು ಇದಕ್ಕಿಂತ ಸುಲಭ.

ಮುಚ್ಚಳ ತೆಗೆದಾಗ ಮೊದಲು ಬರುವುದು ಬಿಸಿಲಲ್ಲಿ ಒಣಗಿದ ಬಟ್ಟೆಯನ್ನು ಮಡಚುವಾಗ ಬರುತ್ತದಲ್ಲ, ಅದು. ಜೋರಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಹುರಿದ ಕಾಳು. ಅದೂ ಬಾಣಲೆಯಲ್ಲಿರುವಾಗಿನದ್ದಲ್ಲ, ತಟ್ಟೆಗೆ ಸುರಿದು ಆರಿದ ಮೇಲಿನದು. ಅದರ ಹಿಂದೆ ಒಂದು ಕಹಿ ಇದೆ, ಎಲೆ ಹಿಸುಕಿದ ಹಾಗೆ. ಅದು ಮೂಗಿಗಿಂತ ಗಂಟಲಿಗೆ ಹೆಚ್ಚು ತಿಳಿಯುತ್ತದೆ. ಅಂಗೈಗೆ ಹಾಕಿ ಉಜ್ಜಿದೆ. ಬೆಚ್ಚಗಾದ ಮೇಲೆ ಕಹಿ ಹೋಗಿ ಒಂದು ಬಗೆಯ ಸಿಹಿ ಬಂತು. ಅದಕ್ಕೆ ಹೆಸರು ನನಗೆ ಸಿಗುತ್ತಿಲ್ಲ. ಮಲಗಿ ಎದ್ದ ಮಗುವಿನ ನೆತ್ತಿಯ ವಾಸನೆಗೆ ಹತ್ತಿರ ಬರುತ್ತದೆ, ಆದರೆ ಪೂರ್ತಿ ಅದೂ ಅಲ್ಲ. ನಾಲ್ಕು ಸಲ ಮೂಸಿದೆ. ನಾಲ್ಕನೆಯ ಸಲ ಅಳು ಬಂತು, ಮೂಗು ಕಟ್ಟಿತು, ಅರ್ಧ ಗಂಟೆ ಕಾಯಬೇಕಾಯಿತು.

ಹೊಗೆ ಇಲ್ಲ. ನಿಮ್ಮ ಎಣ್ಣೆಯಲ್ಲಿ ಒಂದು ಎಳೆ ಹೊಗೆ ಯಾವಾಗಲೂ ಇರುತ್ತಿತ್ತು. ಅದು ನಿಮ್ಮದೇ ಗುರುತು ಅಂತ ಇವತ್ತು ಇದನ್ನು ಮೂಸುವವರೆಗೆ ನನಗೆ ಗೊತ್ತಿರಲಿಲ್ಲ. ಜ್ವರಕ್ಕೂ ಮುಂಚಿನ ನಿಮ್ಮ ಹಳೆಯ ಬಾಟಲಿ ಒಂದು ಉಳಿದಿದೆ, ಅದನ್ನು ಮಾರುವುದಿಲ್ಲ. ಪ್ರತಿ ಪೆಟ್ಟಿಗೆ ಬಂದಾಗಲೂ ಎರಡನ್ನೂ ಮೂಸಿ ನಿಮಗೆ ಬರೆಯುತ್ತೇನೆ. ಏಣಿಗೆ ಓದಿ ಹೇಳಬೇಡಿ, ಇದು ನಿಮಗೆ ಮಾತ್ರ.

ಅವಳಿಗೆ ಇಷ್ಟು ಹೇಳಿ: ಸುಂಕದ ಮೇಡಂ ನಿನ್ನೆಯೇ ಒಂದು ಬಾಟಲಿ ಒಯ್ದರು, ಅಂಗಡಿಯವರಿಬ್ಬರೂ ಮತ್ತೆ ಶೆಲ್ಫಿಗೆ ಏರಿಸಿದ್ದಾರೆ.

ನಿಮ್ಮದರ ಹಾಗಿಲ್ಲ ಅತ್ತಿಗೆ. ಚೆನ್ನಾಗಿದೆ.

ಸಣ್ಣಿ